ಓದುಗರ ಪ್ರಶ್ನೆ: ನರಕೋಶ ಒಂಟಿಯಾಗಿ ಏನು ಹೇಳೀತು?

ಕಳೆದ ಸಂಚಿಕೆಯಲ್ಲಿ ನೆನಪಿನ ಬಗ್ಗೆ ಉತ್ತರಿಸುವಾಗ ಒಂದು ಸಾಲು ಬರೆದಿದ್ದೆ: "ಮಿದುಳಿನಲ್ಲಿ ಯಾವ ಸಂಗತಿಯೂ ಒಂದೇ ನರಕೋಶದಲ್ಲಿ ಕೂತಿರುವುದಿಲ್ಲ, ಕೋಶಗಳ ಗುಂಪಿನಲ್ಲಿ ಇರುತ್ತದೆ." ಆ ಒಂದು ಸಾಲಿಗೆ ಬಂದಷ್ಟು ಪತ್ರ ಉಳಿದ ಇಡೀ ಅಂಕಣಕ್ಕೆ ಬರಲಿಲ್ಲ. ಅದಕ್ಕೇ ಈ ಸಲ ಪೂರ್ತಿ ಅದೇ ವಿಷಯ. ಕೊನೆಯ ಪತ್ರವನ್ನು ಮಾತ್ರ ದಯವಿಟ್ಟು ಯಾರೂ ಬಿಡದೆ ಓದಿ.

ನಮ್ಮ ಪುಸ್ತಕದಲ್ಲಿ ನರಕೋಶ ಒಂದೋ ಮಿಡಿಯುತ್ತದೆ, ಇಲ್ಲವೋ ಸುಮ್ಮನಿರುತ್ತದೆ, ನಡುವೆ ಏನೂ ಇಲ್ಲ ಅಂತ ಇದೆ. ಹಾಗಾದರೆ ಬಣ್ಣ, ಶಬ್ದ, ನೋವು ಇಷ್ಟನ್ನೆಲ್ಲ ಅದು ಹೇಗೆ ಹೇಳುತ್ತದೆ?
(ಪಿಯುಸಿ ವಿದ್ಯಾರ್ಥಿನಿ, ಸಾಗರ)

ಪುಸ್ತಕದಲ್ಲಿ ಇರುವುದು ಸರಿ. ಮಿಡಿತ ಅಂದರೆ ಸುಮಾರು ಒಂದು ಮಿಲಿಸೆಕೆಂಡ್ ಇದ್ದು ಹೋಗುವ ಪುಟ್ಟ ವಿದ್ಯುತ್ ಏರಿಳಿತ. ಒಂದು ಸಲ ಪ್ರಯೋಗಾಲಯದಲ್ಲಿ, ನೋಟಕ್ಕೆ ಅಂತಲೇ ಇರುವ ಒಂದು ನರಕೋಶದ ಮಿಡಿತವನ್ನು ಸ್ಪೀಕರ್‌ಗೆ ಜೋಡಿಸಿ ನನಗೆ ಕೇಳಿಸಿದ್ದರು. ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿಯುವ ಸದ್ದೇ ನೋಡಿ. ಮೊದಲು ಒಂದು ಚಟ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಪರದೆಯ ಮೇಲೆ ಒಂದು ಓರೆ ಗೆರೆ ಬಂದಿದ್ದೇ ತಡ, ಚಟಚಟಚಟ ಅಂತ ಒಂದೇ ಸಮನೆ ಶುರುವಾಯಿತು. ಗೆರೆಯನ್ನು ತಿರುಗಿಸಿ ಅಡ್ಡ ಮಾಡಿದರೆ ಮತ್ತೆ ತಣ್ಣಗಾಯಿತು. ಸದ್ದು ಪ್ರತಿಸಲ ಒಂದೇ ಅಳತೆಯದ್ದು, ದೊಡ್ಡ ಚಟ್ ಸಣ್ಣ ಚಟ್ ಅಂತ ಇಲ್ಲ. ಬದಲಾಗುವುದು ಅದರ ವೇಗ.

ಇದನ್ನು ಮೊದಲು ತೋರಿಸಿದವರು ಕೇಂಬ್ರಿಡ್ಜ್‌ನ ಎಡ್ಗರ್ ಏಡ್ರಿಯನ್. 1926ರಲ್ಲಿ ಅವರು ಮತ್ತು ಇಂಗ್ವೆ ಝೋಟರ್‌ಮನ್ ಕಪ್ಪೆಯ ಸ್ನಾಯುವಿಗೆ ತೂಕ ತೂಗಿಬಿಟ್ಟು, ಒಂದೇ ಒಂದು ನರದ ಎಳೆಯಲ್ಲಿ ಹೋಗುವ ಮಿಡಿತಗಳನ್ನು ಎಣಿಸಿದರು. ತೂಕ ಹೆಚ್ಚಾದರೆ ಮಿಡಿತದ ಗಾತ್ರ ಹೆಚ್ಚಾಗಲಿಲ್ಲ, ಸೆಕೆಂಡಿಗೆ ಬರುವ ಸಂಖ್ಯೆ ಹೆಚ್ಚಾಯಿತು. 1932ರಲ್ಲಿ ಏಡ್ರಿಯನ್ ಅವರಿಗೆ ನೊಬೆಲ್ ಬಂತು.

ಆದರೆ ತೊಡಕು ಶುರುವಾಗುವುದೂ ಇಲ್ಲೇ. ಓರೆ ಗೆರೆಗೆ ಚಟಗುಟ್ಟುವ ಆ ಕೋಶ ಸೆಕೆಂಡಿಗೆ 30 ಸಲ ಮಿಡಿಯಿತು ಅಂತ ಇಟ್ಟುಕೊಳ್ಳಿ. ಅದಕ್ಕೆ ಇಷ್ಟವಾದ ಓರೆಯಲ್ಲೇ ಮಂಕಾದ ಗೆರೆ ಬಂದಿತ್ತಾ? ಅಥವಾ ಸ್ವಲ್ಪ ಬೇರೆ ಓರೆಯಲ್ಲಿ ಪ್ರಖರವಾದ ಗೆರೆಯಾ? ಎರಡಕ್ಕೂ 30 ಬರಬಹುದು. ಆ ಕೋಶ ಒಂದನ್ನೇ ನೋಡುತ್ತಾ ಕೂತವರಿಗೆ ಇದು ಯಾವತ್ತೂ ಬಗೆಹರಿಯುವುದಿಲ್ಲ. ಪಕ್ಕದ ಕೋಶ ಏನು ಹೇಳುತ್ತಿದೆ ಅಂತಲೂ ಕೇಳಬೇಕು.

ಇದನ್ನು ನೀವು ಮನೆಯಲ್ಲೇ ನೋಡಬಹುದು. ಮೊಬೈಲ್‌ನಲ್ಲಿ ಹಳದಿ ಬಣ್ಣದ ಚಿತ್ರ ತೆಗೆದು, ಪರದೆಯ ಮೇಲೆ ಒಂದು ಸಣ್ಣ ಹನಿ ನೀರು ಬಿಡಿ. ಹನಿಯೇ ಭೂತಕನ್ನಡಿ ಆಗುತ್ತದೆ. ಅದರೊಳಗೆ ಬಗ್ಗಿ ನೋಡಿದರೆ ಹಳದಿ ಎಲ್ಲೂ ಇಲ್ಲ! ಕೆಂಪು ಚುಕ್ಕೆ, ಹಸಿರು ಚುಕ್ಕೆ, ಅಷ್ಟೇ. ನಮ್ಮ ಕಣ್ಣಿನಲ್ಲಿ ಬಣ್ಣಕ್ಕೆ ಅಂತ ಇರುವುದು ಮೂರೇ ಬಗೆಯ ಶಂಕುಕೋಶಗಳು, ಹಳದಿಗೆ ಬೇರೆ ಕೋಶ ಇಲ್ಲ. ಕೆಂಪಿನ ಕಡೆಯದ್ದೂ ಹಸಿರಿನ ಕಡೆಯದ್ದೂ ಒಟ್ಟಿಗೆ ಜೋರಾಗಿ, ನೀಲಿಯದ್ದು ತುಂಬ ಮೆಲ್ಲಗೆ ಪ್ರತಿಕ್ರಿಯಿಸಿದರೆ ನಮಗೆ ಅರಿಶಿನ ಕಾಣುತ್ತದೆ. ಮೂರರಲ್ಲಿ ಯಾವ ಒಂದು ಕೋಶಕ್ಕೂ ಬಣ್ಣ ಗೊತ್ತಿಲ್ಲ. ತನ್ನ ಮೇಲೆ ಎಷ್ಟು ಬೆಳಕು ಕೆಲಸ ಮಾಡಿತು ಅನ್ನುವುದಷ್ಟೇ ಅದಕ್ಕೆ ಗೊತ್ತು. ಬಣ್ಣ ಇರುವುದು ಮೂರನ್ನೂ ಹೋಲಿಸಿದಾಗ. ಕಣ್ಣಿನಲ್ಲಿ ಮೂರು ಬಗೆ ಇದ್ದರೆ ಸಾಕು ಅಂತ ಥಾಮಸ್ ಯಂಗ್ 1802ರಲ್ಲೇ ಊಹಿಸಿದ್ದರು, ಆ ಕೋಶಗಳ ಪ್ರತಿಕ್ರಿಯೆ ಅಳೆಯುವ ಯಾವ ಉಪಕರಣವೂ ಕೈಯಲ್ಲಿಲ್ಲದೆ. ನನಗೆ ಇವತ್ತಿಗೂ ಅದು ಆಶ್ಚರ್ಯ.

ಅಂದರೆ ಹನಿಗೂಡಿದರೆ ಹಳ್ಳ ಅಂತಾರಲ್ಲ, ಹಾಗೆ. ಅಲ್ವಾ?
(ಪ್ರೌಢಶಾಲಾ ಶಿಕ್ಷಕರು, ಚನ್ನಗಿರಿ)

ಮೇಷ್ಟ್ರೇ, ಗಾದೆ ಚೆಂದವೇ, ಆದರೆ ಇಲ್ಲಿಗೆ ಸರಿಯಾಗಿ ಕೂರುವುದಿಲ್ಲ. ಹನಿ ಎಲ್ಲವೂ ಒಂದೇ ಥರ. ಕೂಡಿಸಿದರೆ ನೀರು ಜಾಸ್ತಿಯಾಗುತ್ತದೆ, ಅಷ್ಟೇ. ನರಕೋಶಗಳ ಗುಂಪಿನಲ್ಲಿ ಪ್ರತಿಯೊಂದಕ್ಕೂ ಅದರದ್ದೇ ಒಲವು ಇರುತ್ತದೆ, ಅರ್ಥ ಹುಟ್ಟುವುದು ಆ ವ್ಯತ್ಯಾಸದಿಂದ.

ಹೀಗೆ ನೋಡಿ. ಒಂದು ದೊಡ್ಡ ಬಂಡೆಗೆ ಎಂಟು ದಿಕ್ಕಿನಿಂದ ಹಗ್ಗ ಕಟ್ಟಿದ್ದೀರಿ. ಒಂದೊಂದು ಹಗ್ಗಕ್ಕೆ ಒಬ್ಬೊಬ್ಬರು. ಯಾರೂ ತಮ್ಮ ದಿಕ್ಕು ಬಿಟ್ಟು ಬೇರೆ ಕಡೆ ಎಳೆಯುವ ಹಾಗಿಲ್ಲ, ಜೋರಾಗಿ ಎಳೆಯಬಹುದು ಅಥವಾ ಸಡಿಲ ಬಿಡಬಹುದು. ಪೂರ್ವದವನು ಜೋರು, ಈಶಾನ್ಯದವನು ಅದಕ್ಕಿಂತ ಸ್ವಲ್ಪ ಕಡಿಮೆ, ಪಶ್ಚಿಮದವನು ಸುಮ್ನೆ ಹಿಡಿದು ನಿಂತಿದ್ದಾನೆ. ಬಂಡೆ ಎತ್ತ ಹೋಗುತ್ತದೆ? ಪೂರ್ವಕ್ಕೂ ಅಲ್ಲ, ಈಶಾನ್ಯಕ್ಕೂ ಅಲ್ಲ, ನಡುವೆ ಎಲ್ಲೋ. ಆ ದಿಕ್ಕಿಗೆ ಹಗ್ಗವೇ ಇಲ್ಲ, ಆದರೂ ಬಂಡೆ ಅತ್ತಲೇ ಸರಿಯುತ್ತದೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಪೋಸ್ಟೊಲೊಸ್ ಜಾರ್ಗೊಪೌಲೋಸ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಕಂಡಿದ್ದು ಹೆಚ್ಚುಕಡಿಮೆ ಇದನ್ನೇ. ಕೋತಿಗಳಿಗೆ ನಡುವಿನಿಂದ ಎಂಟು ದಿಕ್ಕಿನ ದೀಪಗಳತ್ತ ಕೈ ಚಾಚುವುದನ್ನು ಕಲಿಸಿದ್ದರು. ಕೈಕಾಲು ಆಡಿಸುವ ಮಿದುಳಿನ ಭಾಗದಲ್ಲಿ ಒಂದೊಂದೇ ಕೋಶದ ಮಿಡಿತ ಎಣಿಸುತ್ತಾ ಹೋದರು. 'ಬಲಕ್ಕೆ ಮಾತ್ರ ಮಿಡಿಯುವ ಕೋಶ' ಅಂತ ಅಚ್ಚುಕಟ್ಟಾಗಿ ಸಿಗಲಿಲ್ಲ. ಪ್ರತಿ ಕೋಶಕ್ಕೂ ಒಂದು ಇಷ್ಟದ ದಿಕ್ಕು, ಅತ್ತ ಚಾಚಿದರೆ ಹೆಚ್ಚು ಮಿಡಿತ, ಅದರ ಅಕ್ಕಪಕ್ಕಕ್ಕೆ ಚಾಚಿದರೂ ಮಿಡಿತ ಇದ್ದೇ ಇದೆ, ಪೂರ್ತಿ ಎದುರು ದಿಕ್ಕಿಗೆ ಬರುವಷ್ಟರಲ್ಲಿ ಮೆಲ್ಲಮೆಲ್ಲಗೆ ಇಳಿದಿರುತ್ತದೆ. ಒಂದು ಕೋಶ ಹೇಳುವುದು ಇಷ್ಟು ಅಸ್ಪಷ್ಟ. ಆದರೆ ಪ್ರತಿ ಕೋಶದ ಮಿಡಿತವನ್ನು ಅದರ ಇಷ್ಟದ ದಿಕ್ಕಿನ ಹಗ್ಗ ಅಂತ ತಿಳಿದು ಎಲ್ಲವನ್ನೂ ಕೂಡಿಸಿದರೆ ಕೋತಿಯ ಕೈ ಯಾವ ಕಡೆ ಹೋಗುತ್ತದೋ ಆ ದಿಕ್ಕು ಬರುತ್ತದೆ. ಅದೂ ಕೈ ಅಲುಗುವ ಮುಂಚೆಯೇ.

ಮಕ್ಕಳಿಗೆ ಹೇಳುವಾಗ ಹಳ್ಳ ಬಿಟ್ಟು ಬಂಡೆ ಹಿಡಿಯಿರಿ ಅಂತ ನನ್ನ ಕೋರಿಕೆ.

ಆ ಕೂಡಿಸುವ ಲೆಕ್ಕ ಮಾಡಿದ್ದು ವಿಜ್ಞಾನಿ. ಮಿದುಳೂ ಹಾಗೆಯೇ ಮಾಡುತ್ತದೆ ಅನ್ನುವುದಕ್ಕೆ ಸಾಕ್ಷಿ ಏನು? ಎಲ್ಲಕ್ಕಿಂತ ಜೋರಾಗಿ ಮಿಡಿಯುವ ಒಂದು ಕೋಶದ ಮಾತನ್ನಷ್ಟೇ ಕೇಳಿ ಕೆಲಸ ಮುಗಿಸುತ್ತಿರಬಹುದಲ್ಲ?
(ವಕೀಲರು, ಹುಬ್ಬಳ್ಳಿ)

ಕೇಳಬೇಕಾದ ಪ್ರಶ್ನೆ ಇದೇ. ಸಾಕ್ಷಿ ಇದೆ.

ಕಣ್ಣನ್ನು ಥಟ್ಟನೆ ಒಂದು ಕಡೆ ಹೊರಳಿಸುತ್ತೇವಲ್ಲ, ಅದಕ್ಕೆ ಮಿದುಳಿನ ನಡುಭಾಗದಲ್ಲಿ ಒಂದು ನಕ್ಷೆಯಂಥ ಜಾಗ ಇದೆ. ಯಾವ ಕಡೆ ನೋಡಬೇಕೋ ಅದಕ್ಕೆ ಸರಿಯಾದ ಜಾಗದ ಸುತ್ತ ದೊಡ್ಡದೊಂದು ಗುಂಪೇ ಮಿಡಿಯುತ್ತದೆ. 1988ರಲ್ಲಿ ಲೀ, ರೋರರ್ ಮತ್ತು ಸ್ಪಾರ್ಕ್ಸ್ ಎಂಬ ಸಂಶೋಧಕರು ಕೋತಿಗಳಲ್ಲಿ ಆ ಗುಂಪಿನ ಒಂದು ಸಣ್ಣ ಭಾಗಕ್ಕೆ ಮರಗಟ್ಟಿಸುವ ಮದ್ದು ಹಾಕಿದರು, ಹಲ್ಲು ಕೀಳುವಾಗ ಡಾಕ್ಟರು ಕೊಡುವಂಥದ್ದು. ನೀವು ಹೇಳಿದ ಹಾಗೆ ಜೋರು ದನಿಯವನೇ ಯಜಮಾನ ಆಗಿದ್ದರೆ, ಗುಂಪಿನ ನಟ್ಟನಡುವಿನ, ಎಲ್ಲಕ್ಕಿಂತ ಜೋರಾದ ಕೋಶಗಳು ಮರಗಟ್ಟಿದಾಗ ಕಣ್ಣು ಗುರಿ ತಪ್ಪಬೇಕಿತ್ತು. ತಪ್ಪಲಿಲ್ಲ. ನಿಧಾನವಾಯಿತು, ಆದರೆ ಸರಿಯಾದ ಜಾಗಕ್ಕೇ ಹೋಯಿತು. ಯಾಕೆಂದರೆ ಎಡಗಡೆ ಉಳಿದವರೂ ಬಲಗಡೆ ಉಳಿದವರೂ ಸಮ ಎಳೆಯುತ್ತಿದ್ದರು. ಗುರಿಯನ್ನು ಸ್ವಲ್ಪ ಪಕ್ಕಕ್ಕೆ ಇಟ್ಟಾಗ ಮಾತ್ರ ಸಮತೋಲ ಕೆಟ್ಟಿತು. ಕಣ್ಣು ಮರಗಟ್ಟಿದ ಜಾಗದಿಂದ ಆಚೆಗೆ ಜಾರಿತು, ಲೆಕ್ಕ ಹೇಳಿದ ಕಡೆಗೇ. ಮಿದುಳಿನ ವಿಷಯದಲ್ಲಿ ನಾನು ಓದಿದ ಅತ್ಯಂತ ಸ್ವಚ್ಛವಾದ ವಾದಗಳಲ್ಲಿ ಇದು ಒಂದು. ಒಬ್ಬ ವಕೀಲರಿಗೇ ಇದನ್ನು ಹೇಳುವ ಅವಕಾಶ ಸಿಕ್ಕಿದ್ದು ಖುಷಿ.

ನೀವು ಪತ್ರದ ಕೊನೆಯಲ್ಲಿ ಕೇಳಿದ ಇನ್ನೊಂದು ಮಾತು, "ಸಾಕ್ಷಿಗಳು ಹೆಚ್ಚಾದಷ್ಟೂ ಕೇಸು ಗಟ್ಟಿಯೇ?" ಅನ್ನುವುದು. ಇಲ್ಲ, ಮತ್ತು ಅದು ನಿಮಗೇ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಅದೇ ಚಿತ್ರವನ್ನು ಹತ್ತು ಸಲ ತೋರಿಸಿದರೆ ಒಂದು ಕೋಶ ಹತ್ತು ಸಲವೂ ಬೇರೆ ಬೇರೆ ಸಂಖ್ಯೆಯ ಮಿಡಿತ ಕೊಡುತ್ತದೆ, 12, 19, 9, 15 ಹೀಗೆ. ಈ ಗದ್ದಲ ಒಂದೊಂದು ಕೋಶದಲ್ಲೂ ಸ್ವತಂತ್ರವಾಗಿದ್ದರೆ ನೂರು ಕೋಶಗಳ ಸರಾಸರಿ ತೆಗೆದಾಗ ತಪ್ಪು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಅವು ಸ್ವತಂತ್ರ ಅಲ್ಲ. ಅಕ್ಕಪಕ್ಕದವು ಒಂದೇ ಮೂಲದಿಂದ ಸುದ್ದಿ ಪಡೆಯುತ್ತವೆ, ಹಾಗಾಗಿ ಒಂದು ತಪ್ಪಿದರೆ ಇನ್ನೊಂದೂ ಅದೇ ಕಡೆಗೆ ತಪ್ಪುವ ಸಂಭವ ಸ್ವಲ್ಪ ಜಾಸ್ತಿ. ಊರಲ್ಲಿ ನೂರು ಜನ "ನಾನು ಕೇಳಿದ್ದೇನೆ" ಅಂತ ಸಾಕ್ಷಿ ಹೇಳಿದರೂ ಎಲ್ಲರೂ ಕೇಳಿದ್ದು ಒಬ್ಬನ ಬಾಯಿಂದಲೇ ಆದರೆ ಅದಕ್ಕೆ ಎಷ್ಟು ಬೆಲೆ? 1994ರಲ್ಲಿ ಝೋಹರಿ, ಶಾಡ್ಲೆನ್ ಮತ್ತು ನ್ಯೂಸಮ್ ಇದನ್ನು ಅಳೆದರು. ಚಲನೆ ಗುರುತಿಸುವ ಭಾಗದಲ್ಲಿ ಜೋಡಿ ಕೋಶಗಳ ನಡುವೆ ಈ ಹೊಂದಾಣಿಕೆ ಸಣ್ಣದೇ, ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ಒಟ್ಟಿಗೆ ತಪ್ಪಿದರೆ 1 ಅನ್ನುವ ಅಳತೆಯಲ್ಲಿ ಸರಾಸರಿ 0.12ರಷ್ಟು. ಅಷ್ಟು ಸಣ್ಣದಕ್ಕೇ, ಸುಮಾರು ನೂರು ಕೋಶ ದಾಟಿದ ಮೇಲೆ ಇನ್ನೆಷ್ಟು ಸೇರಿಸಿದರೂ ಸರಾಸರಿಯಲ್ಲಿ ಹೆಚ್ಚು ಲಾಭ ಇಲ್ಲ ಅಂತ ಲೆಕ್ಕ ಬಂತು. ಯಾವ ಕೋಶ ಯಾವುದರ ಜೊತೆ ಸೇರಿ ತಪ್ಪುತ್ತದೆ ಅನ್ನುವುದರ ಮೇಲೆ ಈ ಲೆಕ್ಕ ತುಂಬ ಬದಲಾಗುತ್ತದೆ. ಆ ಚರ್ಚೆ ಇನ್ನೂ ನಡೆಯುತ್ತಲೇ ಇದೆ.

ಜೋಗಕ್ಕೆ ಹೋಗಿದ್ದೆವು. ಮಳೆಗಾಲದ ನೀರು, ಕಣ್ಣು ಕೀಳದೆ ನೋಡಿದೆ. ಆಮೇಲೆ ಪಕ್ಕದ ಬಂಡೆ ನೋಡಿದರೆ ಬಂಡೆಯೇ ಮೇಲಕ್ಕೆ ಹೋಗುತ್ತಿತ್ತು! ಹೆದರಿಕೆ ಆಯಿತು. ಕಣ್ಣು ತೋರಿಸಬೇಕಾ?
(ಗೃಹಿಣಿ, ರಾಣೆಬೆನ್ನೂರು)

ಅಕ್ಕ, ಏನೂ ಹೆದರಬೇಡಿ. ನಿಮ್ಮ ಕಣ್ಣೂ ಮಿದುಳೂ ಸರಿಯಾಗಿಯೇ ಕೆಲಸ ಮಾಡಿವೆ. ಇದು ಎಲ್ಲರಿಗೂ ಆಗುತ್ತದೆ. 1834ರಲ್ಲಿ ರಾಬರ್ಟ್ ಆಡಮ್ಸ್ ಎಂಬವರು ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಎದುರು ನಿಂತು, ನೀವು ಬರೆದ ಹಾಗೆಯೇ ಬರೆದಿಟ್ಟಿದ್ದಾರೆ. ಈ ಭ್ರಮೆಗೆ ಜಲಪಾತದ ಹೆಸರೇ ಇದೆ.

ನಾನೂ ಜೋಗದಲ್ಲಿ ಮಾಡಿ ನೋಡಿದ್ದೇನೆ. ರಾಜಾ ಬೀಳುವ ಕಡೆ ಒಂದೇ ಜಾಗಕ್ಕೆ ದೃಷ್ಟಿ ನೆಟ್ಟು ಒಂದು ನಿಮಿಷ ನಿಂತು, ಥಟ್ಟನೆ ಪಕ್ಕದ ಕಪ್ಪು ಬಂಡೆಗೆ ಹೊರಳಿಸಬೇಕು. ಬಂಡೆಯ ಮೇಲಿನ ಪಾಚಿ, ಹುಲ್ಲು, ಬಿರುಕು ಎಲ್ಲ ಮೆಲ್ಲಗೆ ಮೇಲಕ್ಕೆ ತೇಲುತ್ತವೆ. ಆದರೆ ವಿಚಿತ್ರ ನೋಡಿ, ತೇಲುತ್ತಲೇ ಇದ್ದರೂ ಹುಲ್ಲಿನ ಎಸಳು ಇದ್ದ ಜಾಗ ಬಿಟ್ಟು ಹೋಗಿರುವುದಿಲ್ಲ! ಚಲನೆ ಹೇಳುವ ಗುಂಪು ಬೇರೆ, ಜಾಗ ಹೇಳುವ ಗುಂಪು ಬೇರೆ. ಒಂದು ಹೌದು ಅನ್ನುತ್ತಿದೆ, ಇನ್ನೊಂದು ಇಲ್ಲ ಅನ್ನುತ್ತಿದೆ. ಎರಡನ್ನೂ ನೀವು ಒಟ್ಟಿಗೆ ಅನುಭವಿಸುತ್ತಿದ್ದೀರಿ.

ಹೀಗಾಗುವುದು ಯಾಕೆಂದರೆ, ಚಲನೆ ನೋಡುವ ಕೋಶಗಳಲ್ಲಿ ಕೆಳಕ್ಕೆ ಒಲವಿರುವವೂ ಇವೆ, ಮೇಲಕ್ಕೆ ಒಲವಿರುವವೂ ಇವೆ. ಎದುರಿಗೆ ಏನೂ ಅಲುಗದಿದ್ದಾಗಲೂ ಎರಡೂ ಸಣ್ಣಗೆ ಮಿಡಿಯುತ್ತಿರುತ್ತವೆ. ಸಮ ಸಮ ಇದ್ದರೆ "ನಿಂತಿದೆ" ಅಂತ ಅರ್ಥ. ನೀರನ್ನೇ ನೋಡಿ ನೋಡಿ ಕೆಳಕ್ಕೆ ಒಲವಿನವು ದಣಿದವು. ಬಂಡೆಗೆ ಕಣ್ಣು ಹೊರಳಿಸಿದಾಗ ಅವುಗಳ ದನಿ ಮಾಮೂಲಿಗಿಂತ ಕೆಳಗೆ ಇಳಿದಿತ್ತು, ಮೇಲಕ್ಕೆ ಒಲವಿನವು ಎಂದಿನಂತೆಯೇ ಇದ್ದವು. ಹೋಲಿಕೆಯಲ್ಲಿ ಮೇಲಿನದೇ ಗೆದ್ದಿತು. 1963ರಲ್ಲಿ ಬಾರ್ಲೋ ಮತ್ತು ಹಿಲ್ ಮೊಲದ ಕಣ್ಣಿನ ಕೋಶಗಳಲ್ಲಿ ಈ ದಣಿವನ್ನು ನೇರವಾಗಿ ಅಳೆದರು. ತುಂಬ ಹೊತ್ತು ಒಂದೇ ಕಡೆಯ ಚಲನೆ ತೋರಿಸಿ ನಿಲ್ಲಿಸಿದರೆ ಮಿಡಿತ ಸುಮಾರು ಹೊತ್ತು ಮೊದಲಿಗಿಂತ ಕಡಿಮೆಯೇ ಇರುತ್ತಿತ್ತು.

ಮುಂದಿನ ಸಲ ಮಕ್ಕಳನ್ನೂ ಕರೆದುಕೊಂಡು ಹೋಗಿ ತೋರಿಸಿ.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ ಅಂತೀರಿ. ಈ ಮಿದುಳಿನ ಚಿಪ್‌ಗಳಲ್ಲಿ ನೂರೋ ಸಾವಿರವೋ ಎಲೆಕ್ಟ್ರೋಡ್ (ಮಿಡಿತ ಕೇಳಿಸಿಕೊಳ್ಳುವ ಸೂಕ್ಷ್ಮ ತಂತಿ). ಅಷ್ಟರಿಂದ ಏನು ತಾನೇ ಗೊತ್ತಾಗುತ್ತದೆ?
(ಸಾಫ್ಟ್‌ವೇರ್ ಎಂಜಿನಿಯರ್, ಪುಣೆ)

ಚುನಾವಣೆ ಸಮೀಕ್ಷೆಯವರು ಎಲ್ಲ ಮತದಾರರ ಮನೆಗೂ ಹೋಗುವುದಿಲ್ಲ ಅಲ್ವಾ? ಸಂಕೇತ ಒಂದೇ ಕಡೆ ಅಡಗಿ ಕೂತಿದ್ದರೆ ಆ ಒಂದು ಕೋಶವನ್ನು ಹುಡುಕುವುದು ಅಸಾಧ್ಯ ಆಗುತ್ತಿತ್ತು. ಗುಂಪಿನಲ್ಲಿ ಹರಡಿಕೊಂಡಿರುವುದರಿಂದಲೇ ಸಿಕ್ಕಷ್ಟು ಕೋಶಗಳಿಂದ ಅಂದಾಜು ಮಾಡಬಹುದು. ಪಾರ್ಶ್ವವಾಯು ಬಡಿದು ಹದಿನೈದು ವರ್ಷಗಳ ಹತ್ತಿರ ಕೈಕಾಲು ಆಡದೆ ಇದ್ದ ಒಬ್ಬ ಮಹಿಳೆ, ತನ್ನ ಯೋಚನೆಯಿಂದಲೇ ಯಂತ್ರದ ಕೈಯನ್ನು ನಡೆಸಿ ಕಾಫಿ ಬಾಟಲಿ ಎತ್ತಿ ಬಾಯಿಗೆ ತಂದುಕೊಂಡು ಕುಡಿದರು. ಬ್ರೈನ್‌ಗೇಟ್ ಎಂಬ ಸಂಶೋಧನಾ ತಂಡ 2012ರಲ್ಲಿ ಇದನ್ನು ಪ್ರಕಟಿಸಿತು. ಅವರ ಮಿದುಳಿನಲ್ಲಿದ್ದ ಚಿಪ್‌ನಲ್ಲಿ 96 ಎಲೆಕ್ಟ್ರೋಡ್, ಗಾತ್ರ ಒಂದು ತೊಗರಿಬೇಳೆಯಷ್ಟು. ಅದರ ಹಿಂದೆ ಇದ್ದದ್ದು ಅದೇ ಬಂಡೆ ಮತ್ತು ಹಗ್ಗದ ಲೆಕ್ಕದ ಮಕ್ಕಳು ಮೊಮ್ಮಕ್ಕಳು. ಕುಡಿದ ಮೇಲೆ ಅವರ ಮುಖದಲ್ಲಿ ಬಂದ ನಗುವಿನ ವಿಡಿಯೋ ಇದೆ, ಹುಡುಕಿ ನೋಡಿ. 2021ರಲ್ಲಿ ಇನ್ನೊಬ್ಬರು ಕೈಯಿಂದ ಬರೆಯುತ್ತಿರುವಂತೆ ಮನಸ್ಸಿನಲ್ಲೇ ಪ್ರಯತ್ನಿಸಿ ನಿಮಿಷಕ್ಕೆ 90 ಅಕ್ಷರ ಮೂಡಿಸಿದ್ದೂ ಪ್ರಕಟವಾಯಿತು.

ಒಂದು ಕಿವಿಮಾತು, ನೀವು ಎಂಜಿನಿಯರ್ ಅಂತ. ಅತಿ ಜೋರಾಗಿ ಮಿಡಿಯುವ ಕೋಶವೇ ಅತಿ ಹೆಚ್ಚು ಮಾಹಿತಿ ಕೊಡುತ್ತದೆ ಅಂತ ಅಂದುಕೊಳ್ಳಬೇಡಿ. ಬೆಟ್ಟದ ನೆತ್ತಿಯಲ್ಲಿ ನಿಂತವನು ಒಂದು ಹೆಜ್ಜೆ ಅತ್ತಿತ್ತ ಇಟ್ಟರೆ ಎತ್ತರ ಬದಲಾಗುವುದಿಲ್ಲ, ಇಳಿಜಾರಿನಲ್ಲಿ ಇರುವವನಿಗೆ ಪ್ರತಿ ಹೆಜ್ಜೆಗೂ ಬದಲಾಗುತ್ತದೆ. ಸೂಕ್ಷ್ಮ ವ್ಯತ್ಯಾಸ ಹೇಳುವುದು ಇಳಿಜಾರಿನ ಕೋಶಗಳೇ, ಅಂದರೆ ದಿಕ್ಕು ಸ್ವಲ್ಪ ಸರಿದರೂ ಮಿಡಿತ ಬೇಗ ಬದಲಾಗುವವು.

ಇಂಥದ್ದರ ಮೇಲೆ ನಮ್ಮಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದಾರಾ?
(ಬಿಎಸ್ಸಿ ವಿದ್ಯಾರ್ಥಿ, ಕೋಲಾರ)

ಧಾರಾಳವಾಗಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ನರವಿಜ್ಞಾನಕ್ಕೇ ಒಂದು ಕೇಂದ್ರ ಇದೆ. ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣದ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಉಪಿಂದರ್ ಭಲ್ಲಾ ಮತ್ತು ಸಂಗಡಿಗರು 2006ರಲ್ಲಿ, ಇಲಿ ಒಂದೇ ಒಂದು ಸಲ ಮೂಸಿ ವಾಸನೆ ಎಡದಿಂದ ಬಂತಾ ಬಲದಿಂದ ಬಂತಾ ಅಂತ ಹೇಳಬಲ್ಲದು ಅನ್ನುವುದನ್ನು ತೋರಿಸಿದರು. ಎರಡು ಮೂಗಿನ ಹೊಳ್ಳೆಗಳ ಹೋಲಿಕೆಯಿಂದ. ಮತ್ತೆ ಹೋಲಿಕೆಯೇ ನೋಡಿ! ಅರ್ಜಿ ಹಾಕುವ ಯೋಚನೆ ಇದ್ದರೆ ಗಣಿತ ಬಿಡಬೇಡಿ.

ಅಮ್ಮನಿಗೆ 79 ವರ್ಷ, ಮರೆವಿನ ಕಾಯಿಲೆ. ಒಂದು ದಿನ ನನ್ನ ಮುಖ ನೋಡಿ ಹೆಸರು ಹಿಡಿದು ಕರೆಯುತ್ತಾರೆ, ಮಾರನೇ ದಿನ "ನೀವು ಯಾರಮ್ಮ" ಅಂತಾರೆ. ನನ್ನನ್ನು ಇಟ್ಟುಕೊಂಡಿದ್ದ ಕೋಶ ಸತ್ತುಹೋಯಿತಾ? ಸತ್ತಿದ್ದರೆ ಮತ್ತೆ ಹೇಗೆ ಗುರುತು ಸಿಗುತ್ತದೆ?
(ಓದುಗರು, ತಿಪಟೂರು)

ನಿಮ್ಮ ಪತ್ರವನ್ನು ಮೂರು ನಾಲ್ಕು ಸಲ ಓದಿದೆ.

ನೀವು ಕೇಳಿದ್ದನ್ನೇ 1969ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೆರೋಮ್ ಲೆಟ್ವಿನ್ ತರಗತಿಯಲ್ಲಿ ಒಂದು ಕಟ್ಟುಕಥೆಯಾಗಿ ಹೇಳಿದ್ದರು. ಒಬ್ಬ ಶಸ್ತ್ರವೈದ್ಯ ಒಬ್ಬನ ಮಿದುಳಿನಿಂದ 'ಅಮ್ಮ' ಎಂಬ ಕೋಶಗಳನ್ನಷ್ಟೇ ಹುಡುಕಿ ತೆಗೆದುಬಿಡುತ್ತಾನೆ, ಅವನಿಗೆ ಅಮ್ಮ ಅನ್ನುವುದೇ ಇಲ್ಲವಾಗುತ್ತದೆ. ಮುಂದೆ ಅದು 'ಅಜ್ಜಿ ಕೋಶ' ಅಂತ ಹೆಸರಾಯಿತು. 2005ರಲ್ಲಿ ಕಿರೋಗ ಮತ್ತು ತಂಡದವರು ಅಪಸ್ಮಾರದ ಚಿಕಿತ್ಸೆಗೆ ಎಲೆಕ್ಟ್ರೋಡ್ ಹಾಕಿಸಿಕೊಂಡಿದ್ದವರಲ್ಲಿ, ಒಬ್ಬ ನಟಿಯ ಬೇರೆ ಬೇರೆ ಫೋಟೋಗಳಿಗೆ ಮಾತ್ರ ಮಿಡಿಯುವ ಕೋಶವನ್ನು ಕಂಡರು. ಇನ್ನೊಂದು ಕೋಶ ಇನ್ನೊಬ್ಬ ನಟಿಯ ಚಿತ್ರಕ್ಕೂ, ಆಕೆಯ ಹೆಸರನ್ನು ಬರೆದು ತೋರಿಸಿದಾಗಲೂ ಮಿಡಿಯಿತು. ಹಾಗಾದರೆ ಅಜ್ಜಿ ಕೋಶ ಇದೆಯಾ? ಅವರೇ ಯೋಚಿಸಿದ್ದು ಹೀಗೆ: ಕೋಟಿಗಟ್ಟಲೆ ಕೋಶಗಳ ನಡುವೆ ತೀರಾ ಕಡಿಮೆ ಕೋಶಗಳನ್ನು ಇಣುಕಿ, ಕೆಲವೇ ಚಿತ್ರ ತೋರಿಸಿ, ಅಷ್ಟರಲ್ಲೇ ಒಂದು ಕೋಶಕ್ಕೆ ಒಪ್ಪುವ ಮುಖ ಸಿಗಬೇಕಾದರೆ ಒಬ್ಬ ವ್ಯಕ್ತಿಗೆ ಮಿಡಿಯುವ ಕೋಶಗಳು ಲಕ್ಷಗಟ್ಟಲೆ ಇರಲೇಬೇಕು. ಅವುಗಳಲ್ಲಿ ಒಂದೊಂದೂ ಬೇರೆ ಕೆಲವು ಸಂಗತಿಗಳಿಗೂ ಮಿಡಿಯುತ್ತಿರಬೇಕು.

ಆದ್ದರಿಂದ, ನಿಮ್ಮನ್ನು ಇಟ್ಟುಕೊಂಡಿದ್ದ ಒಂದು ಕೋಶ ಅಂತ ಯಾವತ್ತೂ ಇರಲಿಲ್ಲ. ಅದು ಸತ್ತೂ ಇಲ್ಲ. ಮರೆವಿನ ಕಾಯಿಲೆಯಲ್ಲಿ ಕೋಶಗಳು, ಅವುಗಳ ನಡುವಿನ ಸಂಪರ್ಕಗಳು ಸ್ವಲ್ಪ ಸ್ವಲ್ಪವೇ ಹೋಗುತ್ತವೆ. ಹಗ್ಗ ಹಿಡಿದವರಲ್ಲಿ ಕೆಲವರು ಎದ್ದು ಹೋದರೂ ಬಂಡೆ ಸರಿಯುತ್ತದಲ್ಲ, ಹಾಗೆ ಉಳಿದವರಿಂದಲೇ ಕೆಲಸ ನಡೆಯುತ್ತಿರುತ್ತದೆ, ತೀರಾ ತೆಳುವಾಗಿ. ರಾತ್ರಿ ನಿದ್ದೆ ಸರಿಯಾಗಿದ್ದು, ಕೋಣೆಯಲ್ಲಿ ಬೆಳಕಿದ್ದು, ಸದ್ದು ಕಡಿಮೆ ಇದ್ದ ದಿನ ಅಷ್ಟೇ ಸಾಕಾಗಬಹುದು. ದಣಿದ ದಿನ ಸಾಲದೆ ಹೋಗಬಹುದು. ಕಳೆದು ಹೋದದ್ದು ತಿರುಗಿ ಬರುತ್ತದೆ ಅಂತ ನಾನು ಹೇಳಲಾರೆ, ಆದರೆ ಗುರುತಿಸಿದ ದಿನ ಅವರು ಗುರುತಿಸಿದ್ದು ನಿಮ್ಮನ್ನೇ. ಇದರಲ್ಲಿ ಅನುಮಾನ ಬೇಡ. ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲಿ ಗೊಂದಲ ತುಂಬ ಹೆಚ್ಚಾದರೆ ಮಾತ್ರ ಡಾಕ್ಟರಿಗೆ ತಿಳಿಸಿ. ವಯಸ್ಸಾದವರಲ್ಲಿ ಮೂತ್ರದ ಸೋಂಕಿನಂಥ ವಾಸಿಯಾಗುವ ಕಾರಣವೂ ಇರಬಹುದು.

ಇನ್ನೊಂದು ವಿಷಯ. ಮುಖ, ದನಿ, ವಾಸನೆ, ಮುಟ್ಟುವ ರೀತಿ, ಇವೆಲ್ಲ ಮಿದುಳಿಗೆ ಬೇರೆ ಬೇರೆ ದಾರಿಯಿಂದ ಬಂದು ಸೇರುತ್ತವೆ. ಮುಖ ನೋಡಿ ಗುರುತಿಸದವರು ದನಿ ಕೇಳಿ ಗುರುತಿಸುವುದುಂಟು. ಸುಮ್ಮನೆ ಎದುರಿಗೆ ಹೋಗಿ ನಿಂತು "ನಾನ್ಯಾರು ಹೇಳು" ಅಂತ ಪರೀಕ್ಷೆ ಮಾಡಬೇಡಿ. ನಾಳೆ ಬೆಳಗ್ಗೆ ಕಿಟಕಿಯ ಪರದೆ ಸರಿಸಿ, ಬಾಗಿಲಿನಿಂದಲೇ "ಅಮ್ಮಾ, ನಾನು" ಅಂತ ನಿಮ್ಮ ಹೆಸರು ಹೇಳಿಕೊಂಡೇ ಒಳಗೆ ಹೋಗಿ, ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಿ. ಹೇಗಾಯಿತು ಅಂತ ನನಗೆ ಬರೆಯಿರಿ.